ಕೆಂಪು ಹೋದರೆ ಕಣ್ಣು ವಾಸಿಯಾಯಿತೇ?

ಎರಡು ವರ್ಷದ ಹಿಂದಿನ ಡಿಸೆಂಬರ್. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಯ ಕೊಯ್ಲು, ನಡೆದಿತ್ತು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರು ಮರದಿಂದ ಇಳಿದವರೇ ಅಂಗಳದ ಕಟ್ಟೆ ಮೇಲೆ ಕೂತು ಎಡಗಣ್ಣು ಉಜ್ಜತೊಡಗಿದರು. ಅವರ ಕೆಲಸವೇ ಹಾಗೆ. ದಿನವಿಡೀ ಕತ್ತೆತ್ತಿ ಮೇಲೆ ನೋಡುತ್ತಿರಬೇಕು. ಒಣಗಿದ ಹಿಂಗಾರದ ಚೂರು, ನಾರು, ಧೂಳು, ಇರುವೆ ಎಲ್ಲ ನೇರ ಕಣ್ಣಿಗೇ ಬೀಳುತ್ತದೆ.

"ಎಂತ ಆತು ಗೌಡಾ?" ಅಂದರು ಆಯಿ.

"ಎಂತೋ ಬಿತ್ತು ಅಮ್ಮಾ. ಚುಚ್ತಾ ಉಂಟು."

ಆಯಿ ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಊದಿ ಬೆಚ್ಚಗೆ ಮಾಡಿ ಕೊಟ್ಟರು. ಅವರು ಕಣ್ಣಿಗೆ ಒತ್ತಿಕೊಂಡರು. ನೀರು ಹಾಕಿ ತೊಳೆದುಕೊಂಡರು. ಚಹಾ ಕುಡಿದು ಮತ್ತೆ ಮರ ಹತ್ತಿದರು. ಮರುದಿನ ಕಣ್ಣು ಕೆಂಪಗಾಗಿತ್ತು. ಪೇಟೆಗೆ ಹೋದಾಗ ಮೆಡಿಕಲ್ ಶಾಪಿನಲ್ಲಿ "ಕಣ್ಣಿಗೆ ಕಸ ಬಿದ್ದಿದೆ" ಎಂದು ಹೇಳಿ ಒಂದು ಡ್ರಾಪ್ಸ್ ತಂದರು. ಚೀಟಿ ಕೇಳಲಿಲ್ಲ, ಇವರೂ ತೋರಿಸಲಿಲ್ಲ. ಎರಡೇ ದಿನಕ್ಕೆ ಕಣ್ಣು ಹಾಲಿನ ಹಾಗೆ ಬೆಳ್ಳಗಾಯಿತು. ನೋವೂ ಕಡಿಮೆ. "ಒಳ್ಳೆ ಔಷಧಿ" ಅಂತ ಅವರು ಅಂದರು, ನಾವೂ ಹೌದು ಅಂದೆವು.

ಎಂಟನೇ ದಿನ ಬೆಳಗ್ಗೆ ಅವರಿಗೆ ಕಣ್ಣು ತೆರೆಯಲಿಕ್ಕೇ ಆಗಲಿಲ್ಲ. ರೆಪ್ಪೆ ಬಿಡಿಸಿ ನೋಡಿದರೆ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ಅದರ ಅಂಚು ನುಣ್ಣಗಿರಲಿಲ್ಲ, ಹತ್ತಿಯ ಎಳೆ ಬಿಟ್ಟ ಹಾಗಿತ್ತು. ಅದರ ಕೆಳಗೆ, ಕಣ್ಣಿನ ಒಳಗೆ, ತಳಕ್ಕೆ ಮೊಸರು ಕೂತ ಹಾಗೆ ಒಂದು ಬಿಳಿ ಗೆರೆ. ಅದನ್ನು ನೋಡಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಹುಣ್ಣನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೂಸ್ಟು. ಹಳೆಯ ರೊಟ್ಟಿ ಮೇಲೆ, ಮಳೆಗಾಲದಲ್ಲಿ ಚಪ್ಪಲಿ ಮೇಲೆ ಬರುತ್ತದಲ್ಲ, ಅದೇ ಜಾತಿಯದು. ಆಮೇಲೆ ಡ್ರಾಪ್ಸ್ ಬಾಟಲಿ ಕೇಳಿದರು. ತಿರುಗಿಸಿ ಓದಿದರು. ಅದರಲ್ಲಿ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಇತ್ತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೊಂದು ಹೊಸ ಕತೆಯಲ್ಲ. ಹೆಸರು, ಊರು ಬದಲಾದರೆ ಕರಾವಳಿಯ ಗಜನಿ ಗದ್ದೆಯಲ್ಲಿ ಭತ್ತ ಕೊಯ್ಯುವವರ ಮನೆಯಲ್ಲೂ ಇದೇ ಕತೆ ಕೇಳಬಹುದು. ಆ ಎರಡು ದಿನದಲ್ಲಿ ಕಣ್ಣೊಳಗೆ ಏನು ನಡೆಯಿತು? ಬೆಳ್ಳಗಾದ ಕಣ್ಣು ಯಾಕೆ ಕೆಟ್ಟಿತು? ಇದು ಅರ್ಥವಾಗಬೇಕಾದರೆ ನಮ್ಮ ರೋಗನಿರೋಧಕ ವ್ಯವಸ್ಥೆಗೂ ಕಣ್ಣಿಗೂ ಇರುವ ವಿಚಿತ್ರ ಸಂಬಂಧ ತಿಳಿದುಕೊಳ್ಳಬೇಕು.

ಮೊದಲು ಹೊರಗಿನ ಕಾವಲು. ಕಣ್ಣೀರು ಅಂದರೆ ನಮಗೆ ಅಳು ನೆನಪಾಗುತ್ತದೆ. ಆದರೆ ಅಳದೇ ಇರುವಾಗಲೂ ಕಣ್ಣಿನ ಮೇಲೆ ಸದಾ ಒಂದು ತೆಳು ನೀರಿನ ಪದರ ಇರುತ್ತದೆ. ಪ್ರಮಾಣ ಸುಮಾರು 7 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿಯ ಐದನೇ ಒಂದು ಪಾಲು ಅಷ್ಟೇ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ರೆಪ್ಪೆಯ ಅಂಚಿನ ಗ್ರಂಥಿಗಳು ಬಿಡುವ ಎಣ್ಣೆ. ಎಣ್ಣೆ ಇಲ್ಲದಿದ್ದರೆ ನೀರು ಬೇಗ ಆರಿಹೋಗುತ್ತದೆ. ಈ ನೀರಿನಲ್ಲಿ ಲೈಸೋಜೈಮ್ ಇದೆ. ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕತ್ತರಿಸುವ ವಸ್ತು ಅದು. ಪೆನ್ಸಿಲಿನ್‌ಗೆ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮುಂಚೆ, 1922ರಲ್ಲಿ, ಇದರ ಬಗ್ಗೆ ಬರೆದರು. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ, ಅದಕ್ಕೆ ಜನರ ಕಣ್ಣಿಗೆ ನಿಂಬೆ ರಸ ತಾಗಿಸುತ್ತಿದ್ದರಂತೆ. ಈರುಳ್ಳಿ ಸಾಕಿತ್ತು ಅನ್ನಿಸುತ್ತದೆ.

ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ವಸ್ತು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುತ್ತದೆ. ಐಜಿಎ ಎಂಬ ಪ್ರತಿಕಾಯ ಬಂದ ಸೂಕ್ಷ್ಮಜೀವಿಗೆ ಅಂಟಿಕೊಂಡು ಅದು ಕಣ್ಣಿಗೆ ಅಂಟದಂತೆ ನೋಡಿಕೊಳ್ಳುತ್ತದೆ. ರೆಪ್ಪೆ ಬಡಿದಾಗ ಎಲ್ಲ ಕೊಚ್ಚಿ ಮೂಗಿನ ಕಡೆ ಹೋಗುತ್ತದೆ. ರಾತ್ರಿ ರೆಪ್ಪೆ ಬಡಿಯುವುದಿಲ್ಲ, ಅಲ್ವಾ? ಆಗ ಬೇರೆ ಏರ್ಪಾಡು. ಮುಚ್ಚಿದ ಕಣ್ಣಿನ ಕಣ್ಣೀರಿನಲ್ಲಿ ಐಜಿಎ ಜಾಸ್ತಿಯಾಗುತ್ತದೆ, ಬಿಳಿ ರಕ್ತಕಣಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಬೆಳಗ್ಗೆ ಎದ್ದಾಗ ಕಣ್ಣಿನ ಮೂಲೆಯಲ್ಲಿ ಸಿಗುವ ಗೀಜಿನಲ್ಲಿ ಲೋಳೆ, ಎಣ್ಣೆಯ ಜೊತೆ ರಾತ್ರಿ ಪಾಳಿ ಮಾಡಿದ ಆ ಕಣಗಳ ಹೆಣಗಳೂ ಇರುತ್ತವೆ.

ಇದರ ಕೆಳಗೆ ಕಾರ್ನಿಯಾ. ಕರಿಗುಡ್ಡೆಯ ಮುಂದಿನ ಪಾರದರ್ಶಕ ಗಾಜು ಅಂದುಕೊಳ್ಳಿ. ನಡುವೆ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಹೊರ ಪದರ ಐದಾರು ಸಾಲು ಜೀವಕೋಶ, ಅಷ್ಟೇ. ಆದರೆ ಆ ಸಾಲುಗಳು ಗಟ್ಟಿಯಾಗಿ ಹೆಣೆದುಕೊಂಡಿರುವುದರಿಂದ ಅದು ಇಡಿಯಾಗಿ ಇರುವವರೆಗೆ ಬಹುತೇಕ ಯಾವ ಸೂಕ್ಷ್ಮಜೀವಿಯೂ ಒಳಗೆ ಬರುವುದಿಲ್ಲ. ನಮ್ಮ ಕಣ್ಣಿಗೆ ದಿನಾ ಬೂಸ್ಟಿನ ಬೀಜಕಣಗಳು ಬೀಳುತ್ತಲೇ ಇರುತ್ತವೆ. ಮಲೆನಾಡಿನ ಗಾಳಿಯಲ್ಲಿ ಅವಕ್ಕೇನು ಬರವೇ? ಗೀರು ಬಿದ್ದಾಗ ಮಾತ್ರ ಬಾಗಿಲು ತೆರೆಯುತ್ತದೆ. ಆ ಗೀರನ್ನು ಮಾಡಿದ ಅಡಿಕೆ ನಾರೋ ಭತ್ತದ ಗರಿಯೋ ಬೂಸ್ಟನ್ನೂ ಹೊತ್ತು ತಂದಿರುತ್ತದೆ. ಸಾಮಾನ್ಯ ಗೀರು ಒಂದೆರಡು ದಿನದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿಯೇ ನೂರು ಸಲ ಕಸ ಬಿದ್ದರೂ ನಮಗೆ ಏನೂ ಆಗುವುದಿಲ್ಲ. ನೂರಾ ಒಂದನೇ ಸಲ ಬೀಜಕಣ ಒಳಗೆ ಉಳಿದುಬಿಡುತ್ತದೆ.

ಕೈಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ ನೋಡಿ. ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಕೀವಾಗುತ್ತದೆ, ಒಡೆಯುತ್ತದೆ, ಒಣಗುತ್ತದೆ. ಒಂದು ಕಲೆ ಉಳಿಯುತ್ತದೆ. ಕೈಯಲ್ಲಿ ಕಲೆ ಉಳಿದರೆ ಯಾರಿಗೇನು? ಅದೇ ಜಗಳ ಕಾರ್ನಿಯಾದಲ್ಲಿ ನಡೆದರೆ ಕಲೆ ಎಂದರೆ ಕುರುಡು. ಲಾಟೀನಿನ ಗಾಜು ಒಡೆಯದೇ ಇದ್ದರೂ ಮಸಿ ಹಿಡಿದರೆ ಬೆಳಕಿಲ್ಲ, ಹಾಗೆ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆ ರೆಟಿನಾ. ಅದರ ನರಕೋಶಗಳದ್ದು ಇನ್ನೂ ಕಷ್ಟ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ಶರೀರ ಕಣ್ಣಿನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದೆ. ಇಲ್ಲಿ ಗಲಾಟೆ ಆದಷ್ಟು ಕಡಿಮೆ ಇರಬೇಕು.

ಈ ಒಪ್ಪಂದವನ್ನು ಪ್ರಯೋಗದಿಂದ ಎತ್ತಿ ತೋರಿಸಿದವರು ಬ್ರಿಟನ್ನಿನ ಪೀಟರ್ ಮೆಡವಾರ್. 1948ರಲ್ಲಿ ಅವರು ಮೊಲಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದರ ಮೈಗೆ ಕಸಿ ಮಾಡಿದರೆ ಶರೀರ ಅದನ್ನು ಕೆಲವೇ ದಿನದಲ್ಲಿ ತಿರಸ್ಕರಿಸುತ್ತದೆ. ಅದೇ ಚೂರನ್ನು ಕಣ್ಣಿನ ಮುಂಭಾಗದ ಕೋಣೆಯಲ್ಲಿಟ್ಟರೆ, ಅದಕ್ಕೆ ರಕ್ತನಾಳ ಬೆಳೆಯದೇ ಇರುವವರೆಗೆ, ಉಳಿದುಕೊಂಡಿತು. ಇದನ್ನು ರೋಗನಿರೋಧಕ ವಿನಾಯಿತಿ ಅನ್ನಬಹುದು. ಕಸಿಯ ಬಗ್ಗೆ ಮೆಡವಾರ್ ಮಾಡಿದ ಕೆಲಸಕ್ಕೆ 1960ರಲ್ಲಿ ನೊಬೆಲ್ ಬಂತು.

ವಿನಾಯಿತಿ ಹೇಗೆ ನಡೆಯುತ್ತದೆ ಅನ್ನುವುದು ನಿಧಾನಕ್ಕೆ ಗೊತ್ತಾಗುತ್ತಾ ಬಂತು. ಒಂದು ಗೋಡೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ರಕ್ತನಾಳ ಬೆಳೆಸುವ ಸಂದೇಶವನ್ನು ಹಿಡಿದು ನುಂಗಿಬಿಡುವ ಒಂದು ಪ್ರೋಟೀನನ್ನು ಕಾರ್ನಿಯಾ ತಾನೇ ತಯಾರಿಸುತ್ತದೆ ಎಂದು 2006ರಲ್ಲಿ ತಿಳಿಯಿತು. ರೆಟಿನಾದಲ್ಲಿ ರಕ್ತನಾಳ ಇದ್ದರೂ ಅದರ ಗೋಡೆ ಎಷ್ಟು ಬಿಗಿ ಎಂದರೆ ರಕ್ತಕಣಗಳು ಸುಮ್ನೆ ಹೊರಗೆ ಬರುವ ಹಾಗಿಲ್ಲ. ಎರಡನೆಯದು ಒಳಗಿನ ನೀರು. ಕಣ್ಣಿನ ಮುಂದಿನ ಕೋಣೆಯಲ್ಲಿ ತುಂಬಿರುವ ದ್ರವದಲ್ಲಿ ಬಿಳಿ ರಕ್ತಕಣಗಳನ್ನು ತಣ್ಣಗೆ ಮಾಡುವ ವಸ್ತುಗಳಿವೆ. ಇಷ್ಟಾದ ಮೇಲೂ ಯಾವುದಾದರೂ ಕಣ ಜಗಳಕ್ಕೆ ನಿಂತರೆ, ಕಣ್ಣಿನ ಜೀವಕೋಶಗಳ ಮೇಲಿರುವ ಫಾಸ್ ಲಿಗ್ಯಾಂಡ್ ಎಂಬ ಅಣು ಅದಕ್ಕೆ "ನೀನು ಸಾಯಿ" ಅನ್ನುತ್ತದೆ, ಅದು ಸಾಯುತ್ತದೆ. 1995ರಲ್ಲಿ ಇಲಿಗಳ ಕಣ್ಣಿನಲ್ಲಿ ಇದನ್ನು ತೋರಿಸಿದರು. ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸಿದ್ದು ಇನ್ನೊಂದು ದಾರಿ. ಕಣ್ಣೊಳಗೆ ಬಂದ ಹೊಸ ವಸ್ತುವಿನ ಸುದ್ದಿಯನ್ನು ಕೆಲವು ಕಣಗಳು ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದವರೆಗೆ ಒಯ್ಯುತ್ತವೆ. ಅಲ್ಲಿಂದ "ಇದರ ಮೇಲೆ ಬೀಳಬೇಡಿ" ಎಂದು ತಡೆಯುವ ಕಣಗಳು ತಯಾರಾಗುತ್ತವೆ. ಇಲಿಗಳಲ್ಲಿ ಗುಲ್ಮ ತೆಗೆದರೆ ಈ ಏರ್ಪಾಡು ಕೆಟ್ಟುಹೋಗುತ್ತದೆ. ಕಣ್ಣಿಗೂ ಗುಲ್ಮಕ್ಕೂ ಎತ್ತಣ ಸಂಬಂಧ ಅಂತ ಕೇಳಿದರೆ, ಇದೇ ಸಂಬಂಧ.

ವಿನಾಯಿತಿಯ ಲಾಭ ಕಾಣಬೇಕಾದರೆ ನೇತ್ರದಾನ ನೋಡಿ. ಕಿಡ್ನಿ ಕಸಿ ಮಾಡಬೇಕಾದರೆ ಹೊಂದಾಣಿಕೆ ನೋಡಲೇಬೇಕು, ಜೀವನಪೂರ್ತಿ ಮಾತ್ರೆ ನುಂಗಬೇಕು. ಕಾರ್ನಿಯಾಕ್ಕೆ ಸಾಮಾನ್ಯವಾಗಿ ರಕ್ತದ ಗುಂಪನ್ನೂ ನೋಡುವುದಿಲ್ಲ. ಎಡುವರ್ಡ್ ಜಿರ್ಮ್ ಎಂಬ ವೈದ್ಯರು ಈಗಿನ ಚೆಕ್ ದೇಶದ ಓಲೋಮೌಟ್ಸ್‌ನಲ್ಲಿ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದ್ದು 1905ರಲ್ಲಿ. ಆಗ ಆಂಟಿಬಯೋಟಿಕ್ ಇರಲಿಲ್ಲ, ಸ್ಟೀರಾಯ್ಡ್ ಇರಲಿಲ್ಲ. ಆದರೂ ಸುಣ್ಣದಿಂದ ಕಣ್ಣು ಕಳೆದುಕೊಂಡಿದ್ದ ಆ ಕೂಲಿಯಾಳಿನ ಒಂದು ಕಣ್ಣಿನ ಕಸಿ ಉಳಿಯಿತು. ನಮ್ಮಲ್ಲಿ 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ತೀರಿಕೊಂಡಾಗ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಅದು ಸಾಧ್ಯವಾದದ್ದು ವೈದ್ಯರ ಕೈಚಳಕದಿಂದ ಮಾತ್ರ ಅಲ್ಲ. ಪಡೆದವರ ಕಣ್ಣು ಪರರ ವಸ್ತುವನ್ನು ಕಂಡೂ ಕಾಣದಂತೆ ಸುಮ್ಮನಿದ್ದುದರಿಂದ ಕೂಡ.

ಈಗ ಕೊನೆಗೌಡರ ಕಣ್ಣಿಗೆ ಬರೋಣ. ಕಣ್ಣಿನಲ್ಲಿ ಮೊದಲೇ ಪಹರೆ ಕಡಿಮೆ. ಬೂಸ್ಟು ಗೀರಿನ ಮೂಲಕ ಕಾರ್ನಿಯಾದ ಒಳಗೆ ಬೇರು ಬಿಟ್ಟಿತು. ಕಾರ್ನಿಯಾದ ಕೋಶಗಳು ಕೂಗು ಹಾಕಿದವು. ಅಂಚಿನ ಬಿಳಿ ಭಾಗದಲ್ಲಿರುವ ರಕ್ತನಾಳಗಳು ಹಿಗ್ಗಿದವು. ಅಲ್ಲಿಂದ ಬಿಳಿ ರಕ್ತಕಣಗಳು ಇಳಿದು ಹುಣ್ಣಿನ ಕಡೆ ನಡೆದವು. ಹಿಗ್ಗಿದ ಈ ರಕ್ತನಾಳಗಳನ್ನೇ ನಾವು ಹೊರಗಿನಿಂದ "ಕಣ್ಣು ಕೆಂಪಾಗಿದೆ" ಅನ್ನುವುದು. ಬೆಂಕಿ ಬಿದ್ದ ಮನೆಗೆ ಜನ ಓಡಿಬಂದು ಸೇರಿದಾಗ ಆಗುವ ಗದ್ದಲ ಅದು.

ಸ್ಟೀರಾಯ್ಡ್ ಹನಿ ಏನು ಮಾಡುತ್ತದೆ? ಜೀವಕೋಶದ ಒಳಗೆ ಹೋಗಿ ಆ ಕೂಗಿನ ಸಂದೇಶಗಳನ್ನೇ ನಿಲ್ಲಿಸುತ್ತದೆ. ರಕ್ತನಾಳ ಕುಗ್ಗುತ್ತದೆ. ಬಿಳಿ ಕಣಗಳು ನಾಳ ಬಿಟ್ಟು ಇಳಿಯುವುದಿಲ್ಲ. ಊತ, ನೋವು ಇಳಿಯುತ್ತದೆ. ಕಣ್ಣು ಬೆಳ್ಳಗೆ. ಬೆಂಕಿ ಹಾಗೇ ಇದೆ, ಆರಿಸಲು ಬಂದವರು ಮನೆಗೆ ಹೋದರು. ಜೊತೆಗಿದ್ದ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಸರಿ, ಬೂಸ್ಟಿಗೆ ಅದು ತಾಗುವುದೇ ಇಲ್ಲ. ಆ ನಾಲ್ಕೈದು ದಿನ ಬೂಸ್ಟಿಗೆ ಪುರುಸೊತ್ತೇ ಪುರುಸೊತ್ತು. ಕಾರ್ನಿಯಾದ ಆಳಕ್ಕೆ ಎಳೆ ಚಾಚಿತು. ಕಡೆಗೆ ಸ್ಟೀರಾಯ್ಡಿಗೂ ಮೀರಿ ಶರೀರ ಎಚ್ಚೆತ್ತಾಗ ಕಣಗಳು ದಂಡುಗಟ್ಟಿ ಬಂದವು. ಕಣ್ಣೊಳಗೆ ಕಂಡ ಆ ಮೊಸರಿನಂಥ ಗೆರೆ ಅದೇ. ತಳಕ್ಕೆ ಕೂತ ಬಿಳಿ ರಕ್ತಕಣಗಳ ರಾಶಿ. ಅಷ್ಟು ತಡವಾಗಿ, ಅಷ್ಟು ಸಿಟ್ಟಿನಲ್ಲಿ ಬಂದವು ಬೂಸ್ಟನ್ನೂ ಕಡಿಯುತ್ತವೆ, ತಮ್ಮ ರಸದಿಂದ ಕಾರ್ನಿಯಾವನ್ನೂ ಕರಗಿಸುತ್ತವೆ.

ಹಾಗಂತ ಸ್ಟೀರಾಯ್ಡ್ ವಿಷ ಅಂತ ಬರೆದು ಮುಗಿಸಿದರೆ ಅದು ಅರ್ಧ ಸತ್ಯ. ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳು ಮಾಡುವ ತಪ್ಪೇ ಅದು. ಕೆಲವು ಕಣ್ಣುಗಳಲ್ಲಿ ಕಾವಲಿನವರೇ ಹಾನಿ ಮಾಡುತ್ತಾರೆ. ಆಗ ಅವರನ್ನು ಕಳಿಸದೇ ಗತಿ ಇಲ್ಲ.

ಕರಾವಳಿಗೆ ಹತ್ತಿರದ ಉದಾಹರಣೆ ಇಲಿ ಜ್ವರ. ಮಳೆಗಾಲದಲ್ಲಿ ಕೆಸರುಗದ್ದೆಯಲ್ಲಿ ನಟ್ಟಿ ಮಾಡುವವರಿಗೆ, ನಿಂತ ನೀರಲ್ಲಿ ಓಡಾಡುವವರಿಗೆ ಬರುತ್ತದೆ. ಜ್ವರ ಬಿಟ್ಟು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಕೆಲವರ ಕಣ್ಣು ಕೆಂಪಾಗುತ್ತದೆ. ಗೀಜಿಲ್ಲ. ಬೆಳಕು ನೋಡಲಾಗುವುದಿಲ್ಲ. ಮಂಜು. ಕೆಂಪು ಕರಿಗುಡ್ಡೆಯ ಸುತ್ತ ಉಂಗುರದಂತೆ ಇರುತ್ತದೆ. ಇದು ಯುವಿಯೈಟಿಸ್, ಕಣ್ಣಿನ ನಡುವಿನ ಪದರದ ಉರಿಯೂತ. 1993ರ ಪ್ರವಾಹದ ನಂತರ ಮಧುರೈ ಕಡೆ ಇಂಥ ರೋಗಿಗಳು ಗುಂಪಾಗಿ ಬಂದಿದ್ದು ವೈದ್ಯಕೀಯ ದಾಖಲೆಯಲ್ಲಿದೆ. ಇಲ್ಲಿ ಕಣ್ಣನ್ನು ಉಳಿಸುವುದು ಸ್ಟೀರಾಯ್ಡೇ. ಜ್ವರ ಬಂದು ಹೋಗಿ ಎಷ್ಟೋ ದಿನವಾದ್ದರಿಂದ ರೋಗಿಗೆ ಎರಡರ ನಂಟು ಹೊಳೆಯುವುದಿಲ್ಲ. ಡಾಕ್ಟರಿಗೆ ಅದನ್ನು ನೀವಾಗಿಯೇ ಹೇಳಿ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಬೇಸಿಗೆ ಹೊತ್ತಿಗೆ ಜೋರು ಜ್ವರ, ಮೈಕೈ ನೋವಿನ ಜೊತೆ ಕಣ್ಣು ಕೆಂಪಾದರೆ ಅದು ಡ್ರಾಪ್ಸಿನ ವಿಚಾರವೇ ಅಲ್ಲ. ಮಂಗನ ಕಾಯಿಲೆಯಲ್ಲೂ ಕಣ್ಣು ಕೆಂಪಾಗುತ್ತದೆ. ಸೀದಾ ಆಸ್ಪತ್ರೆಗೆ ಹೋಗಬೇಕು.

ಇನ್ನೂ ವಿಚಿತ್ರವಾದದ್ದು, ಅಪರೂಪದ್ದು, ಒಂದಿದೆ. ಒಂದು ಕಣ್ಣಿಗೆ ಆಳವಾಗಿ ಏನಾದರೂ ಚುಚ್ಚಿ ಗಾಯವಾದರೆ, ಕೆಲವು ವಾರಗಳ ನಂತರ ಏನೂ ಆಗದ ಇನ್ನೊಂದು ಕಣ್ಣೂ ಉರಿಯಲು ಶುರುವಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಆದರೆ ಬೇಲಿಯದೂ ಪೂರ್ತಿ ತಪ್ಪಲ್ಲ. ಕಣ್ಣೊಳಗಿನ ಎಷ್ಟೋ ವಸ್ತುಗಳು ಗೋಡೆಯ ಆಚೆ ಅಡಗಿರುವುದರಿಂದ ಶರೀರದ ಕಾವಲುಪಡೆಗೆ ಅವುಗಳ ಮುಖ ಪರಿಚಯ ಸರಿಯಾಗಿ ಇರುವುದಿಲ್ಲ. ಗಾಯವಾಗಿ ಅವು ಹೊರಬಂದಾಗ ಪರಕೀಯ ಅಂದುಕೊಂಡು ಬೆನ್ನು ಹತ್ತುತ್ತದೆ. ಹುಡುಕುತ್ತಾ ಹೋಗಿ ಇನ್ನೊಂದು ಕಣ್ಣಿನಲ್ಲೂ ಅದನ್ನೇ ಕಾಣುತ್ತದೆ. ಕುರುಡರಿಗೆ ಲಿಪಿ ಕೊಟ್ಟ ಲೂಯಿ ಬ್ರೈಲ್ ಮೂರನೇ ವಯಸ್ಸಿನಲ್ಲಿ ಅಪ್ಪನ ಅಂಗಡಿಯ ದಬ್ಬಳದಿಂದ ಒಂದು ಕಣ್ಣು ಚುಚ್ಚಿಕೊಂಡ, ಐದರ ಹೊತ್ತಿಗೆ ಎರಡೂ ಹೋದವು. ಹೀಗೇ ಆಗಿರಬೇಕು ಎಂದು ಅನೇಕ ವೈದ್ಯರು ಊಹಿಸುತ್ತಾರೆ.

ಕಣ್ಣು ಬೇನೆಯ ಮಾತೂ ಹೇಳಬೇಕು. 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ತುಂಬಾ ಮದ್ರಾಸ್ ಐ ಹಬ್ಬಿತ್ತು, ಶಾಲೆ ಮಕ್ಕಳೆಲ್ಲ ಕಪ್ಪು ಕನ್ನಡಕದಲ್ಲಿ. ಅಡಿನೋ ಜಾತಿಯ ವೈರಸ್ಸಿನಿಂದ ಬಂದ ಕಣ್ಣು ಬೇನೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಸ್ಟೀರಾಯ್ಡ್ ಹಾಕಿದರೆ ಕೆಂಪು ಬೇಗ ಹೋಗುತ್ತದೆ, ಆದರೆ ವೈರಸ್ ಜಾಸ್ತಿ ದಿನ ಉಳಿಯುತ್ತದೆ ಎಂದು ಮೊಲಗಳಲ್ಲಿ ನೋಡಿದ್ದಾರೆ. ಕೆಲವರಿಗೆ ಬೇನೆ ಹೋದ ಮೇಲೆ ಕಾರ್ನಿಯಾದಲ್ಲಿ ಸಣ್ಣ ಸಣ್ಣ ಮಬ್ಬು ಚುಕ್ಕೆ ಉಳಿದು ತಿಂಗಳುಗಟ್ಟಲೆ ದೃಷ್ಟಿ ಮಸುಕಾಗುತ್ತದೆ. ವೈರಸ್ಸಿನ ಅವಶೇಷದ ವಿರುದ್ಧ ನಮ್ಮದೇ ಕಣಗಳು ಎದ್ದದ್ದರ ಗುರುತು ಅದು. ಆಗ ಡಾಕ್ಟರು ಮತ್ತೆ ಸ್ಟೀರಾಯ್ಡನ್ನೇ ಅಳತೆ ನೋಡಿ ಕೊಡಬಹುದು. ಒಂದೇ ಬಾಟಲಿ, ಮೊದಲ ವಾರದಲ್ಲಿ ಬೇಡ, ಮೂರನೇ ವಾರದಲ್ಲಿ ಬೇಕಾಗಬಹುದು.

ಹೊರಗಿನಿಂದ ನೋಡಿದರೆ ಇವೆಲ್ಲವೂ "ಕೆಂಪು ಕಣ್ಣು". ವ್ಯತ್ಯಾಸ ಗೊತ್ತಾಗಬೇಕಾದರೆ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಗಲ್ಲ ಇಟ್ಟು ಕೂರಬೇಕು. ಹಳದಿ ಬಣ್ಣದ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಇದ್ದ ಕಡೆ ಹಸಿರಾಗಿ ಹೊಳೆಯುತ್ತದೆ. ಎರಡು ನಿಮಿಷದ ಕೆಲಸ. ಮೆಡಿಕಲ್ ಶಾಪಿನ ಕೌಂಟರಿನಿಂದ ಇದು ಆಗುವುದಿಲ್ಲ. ಕಾನೂನಿನ ಪ್ರಕಾರವೂ ಸ್ಟೀರಾಯ್ಡ್ ಕಣ್ಣಿನ ಹನಿ ಚೀಟಿ ಇಲ್ಲದೆ ಮಾರುವ ಔಷಧಿಯಲ್ಲ.

ಇಲ್ಲಿ ಬರೀ ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಜೊಯಿಡಾದ ಒಳಗಿನ ಹಳ್ಳಿಯಿಂದಲೋ ಯಲ್ಲಾಪುರದ ಘಟ್ಟದ ಅಂಚಿನಿಂದಲೋ ಒಬ್ಬ ಕೂಲಿಯವನು ಕಣ್ಣಿಗೆ ಕಸ ಬಿತ್ತು ಎಂದು ಎಲ್ಲಿಗೆ ಹೋಗಬೇಕು? 10 ಸಾವಿರ ಚದರ ಕಿಲೋಮೀಟರ್ ದಾಟಿದ ಜಿಲ್ಲೆ ಇದು. ಕಾರವಾರದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇದೆ, ಪೇಟೆಗಳಲ್ಲಿ ಕಣ್ಣಿನ ಡಾಕ್ಟರೂ ಇದ್ದಾರೆ. ಆದರೂ ಕೇಸು ಸ್ವಲ್ಪ ಬಿಗಡಾಯಿಸಿತು ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅನ್ನುತ್ತೇವೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. 2022ರ ಜುಲೈಯಲ್ಲಿ ಬೈಂದೂರಿನ ಶಿರೂರು ಟೋಲ್ ಗೇಟ್ ಹತ್ತಿರ ಹೊನ್ನಾವರದ ಆಂಬುಲೆನ್ಸ್ ಪಲ್ಟಿಯಾಗಿ ಜನ ಸತ್ತರು. "ನಮಗೆ ಆಸ್ಪತ್ರೆ ಬೇಕು" ಎಂಬ ಕೂಗು ಜಿಲ್ಲೆಯ ತುಂಬಾ ಎದ್ದಿತು. ಎರಡು ವರ್ಷದ ನಂತರ, ಅದೇ ಜುಲೈಯಲ್ಲಿ, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು. ಶಿರೂರು ಎರಡು, ಸಂಕಟ ಒಂದೇ.

ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ, ಸಾಲಲ್ಲಿ ಕೂತು ಬರುವುದಕ್ಕಿಂತ ಅಂಗಡಿಯ ಬಾಟಲಿ ಅಗ್ಗ ಅಂತ ಲೆಕ್ಕ ಹಾಕಿದರೆ ಅವನನ್ನು ದಡ್ಡ ಅನ್ನಲಾಗದು. ಎರಡು ದಿನದಲ್ಲಿ ಕಣ್ಣು ಬೆಳ್ಳಗಾದದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ ಬೇರೆ.

ನೇಪಾಳದ ಭಕ್ತಪುರದಲ್ಲಿ ಒಂದು ಪ್ರಯತ್ನ ನಡೆದಿತ್ತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸುವುದನ್ನು ಕಲಿಸಿ, ತಕ್ಷಣ ಬರೀ ಆಂಟಿಬಯೋಟಿಕ್ ಮುಲಾಮು ಹಚ್ಚಲು ಹೇಳಿದರು. ಸ್ಟೀರಾಯ್ಡ್ ಇಲ್ಲ. 2001ರಲ್ಲಿ ಪ್ರಕಟವಾದ ವರದಿಯಂತೆ, ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಮುಂದೆ ಅದೇ ದೇಶದಲ್ಲಿ ದೊಡ್ಡದಾಗಿ, ಹೋಲಿಸಿ ನೋಡುವ ಹಾಗೆ ಇನ್ನೊಂದು ಪ್ರಯೋಗ ಮಾಡಿದಾಗ ಒಟ್ಟು ಹುಣ್ಣಿನ ಸಂಖ್ಯೆ ಇಳಿಯಲಿಲ್ಲ. ಹಾಗಾಗಿ ಇದೇ ಪರಿಹಾರ ಎಂದು ನಾನು ಕೈಯೆತ್ತಿ ಹೇಳಲಾರೆ. ಆದರೂ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ಟಾರ್ಚು, ಆ ಹಳದಿ ಪಟ್ಟಿ, ಒಂದು ಮುಲಾಮು ಇರುವುದು ಕೌಂಟರಿನ ಬಾಟಲಿಗಿಂತ ವಾಸಿ ಅಂತ ನನ್ನ ಅಭಿಪ್ರಾಯ. ಕೊಯ್ಲಿನ ಮೂರು ತಿಂಗಳಾದರೂ ಇರಲಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೂರೊಮೆಥೊಲೋನ್. ಹೆಸರಿನ ಬಾಲದಲ್ಲಿ "ಸೋನ್" ಅಥವಾ "ಲೋನ್" ಇದ್ದರೆ ಸ್ಟೀರಾಯ್ಡ್ ಇರಬಹುದು ಅಂತ ಕೇಳಿಯೇ ಹಾಕಿ. ಕಳೆದ ವರ್ಷ ಅತ್ತೆಗೆ ಬರೆದುಕೊಟ್ಟು ಫ್ರಿಜ್ಜಿನ ಬಾಗಿಲಲ್ಲಿ ಉಳಿದ ಅರ್ಧ ಬಾಟಲಿ ಅಳಿಯನ ಕಣ್ಣಿಗೆ ಬೇಡ. ತೆರೆದ ಬಾಟಲಿಯ ಆಯಸ್ಸು ಸಾಮಾನ್ಯವಾಗಿ ಒಂದು ತಿಂಗಳು. ತಿಂಗಳುಗಟ್ಟಲೆ ಹಾಕಿಕೊಂಡರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಬರುತ್ತದೆ, ಪೊರೆಯೂ ಬರುತ್ತದೆ. ಗ್ಲಾಕೋಮಾ ನೋವು ಕೊಡದೆ ಬರುವುದೇ ಹೆಚ್ಚು. ಅಲರ್ಜಿಯಿಂದ ಕಣ್ಣು ತುರಿಸುವ ಮಕ್ಕಳಿಗೆ ಈ ಅಪಾಯ ಜಾಸ್ತಿ, ಯಾಕಂದರೆ ಪ್ರತಿ ಬೇಸಿಗೆಗೂ ಅದೇ ಬಾಟಲಿ ಬರುತ್ತದೆ. ನಂದಿಬಟ್ಟಲ ರಸ, ಎದೆಹಾಲು, ಜೇನು ಇವನ್ನೂ ಗೀರಿದ ಕಣ್ಣಿಗೆ ಬಿಡಬೇಡಿ. ಅವುಗಳ ಗುಣದ ಮೇಲೆ ನನಗೆ ಜಗಳವಿಲ್ಲ, ಅವುಗಳ ಜೊತೆ ಒಳಗೆ ಹೋಗುವ ಜೀವಿಗಳ ಮೇಲೆ ಇದೆ. ಆಯಿಯ ಸೆರಗೂ ಮುಚ್ಚಿದ ರೆಪ್ಪೆಯ ಮೇಲೆ ಇದ್ದರೆ ಸಾಕು.

ಸುಣ್ಣದ ಬಗ್ಗೆ ಮಾತ್ರ ಒಂದು ಕ್ಷಣವೂ ಯೋಚಿಸುವಂತಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವಾಗ ಮೈಲುತುತ್ತ, ಸುಣ್ಣದ ನೀರು ಕಣ್ಣಿಗೆ ಬೀಳುತ್ತದೆ. ಎಲೆಅಡಿಕೆ ಕವಳದ ಸುಣ್ಣದ ಪ್ಯಾಕೆಟ್ ಹಿಸುಕಿ ಮಕ್ಕಳು ಕಣ್ಣಿಗೆ ಚಿಮ್ಮಿಸಿಕೊಳ್ಳುತ್ತಾರೆ. ಅಲ್ಲೇ, ಆಗಲೇ, ಕೊಡದಲ್ಲಿದ್ದ ಶುದ್ಧ ನೀರಿನಿಂದ ಕಡಿಮೆಯೆಂದರೂ 20 ನಿಮಿಷ ರೆಪ್ಪೆ ಬಿಡಿಸಿ ತೊಳೆಯಬೇಕು. ಆಮೇಲೆ ಗಾಡಿ ಹುಡುಕುವುದು. ಕಾರ್ನಿಯಾದ ಹೊರಪದರವನ್ನು ಮತ್ತೆ ಮತ್ತೆ ಹುಟ್ಟಿಸುವ ಮೂಲಕೋಶಗಳು ಕರಿ-ಬಿಳಿ ಸೇರುವ ಗಡಿಯಲ್ಲಿವೆ. ಸುಣ್ಣ ಅವನ್ನು ಸುಟ್ಟರೆ ರಕ್ತನಾಳಗಳು ಗಡಿ ದಾಟಿ ಕಾರ್ನಿಯಾಕ್ಕೆ ನುಗ್ಗುತ್ತವೆ. ಅಲ್ಲಿಗೆ ವಿನಾಯಿತಿ ಮುಗಿಯಿತು. ಅಂಥ ಕಣ್ಣಿಗೆ ದಾನದ ಕಾರ್ನಿಯಾ ಹಾಕಿದರೆ ಶರೀರ ಅದನ್ನು ಗುರುತು ಹಿಡಿದು ಹೊರಹಾಕುವ ಸಂಭವ ಬಹಳ ಜಾಸ್ತಿ.

ಕೊನೆಗೌಡರಿಗೆ ನಾಟಮೈಸಿನ್ ಎಂಬ ಬೂಸ್ಟಿನ ಔಷಧಿ ಕೊಟ್ಟರು. ಮೊದಲು ಗಂಟೆಗೊಂದು ಹನಿ, ರಾತ್ರಿಯೂ. ಅವರ ಹೆಂಡತಿ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದರು. ಒಂದೂವರೆ ತಿಂಗಳಿಗೆ ಹುಣ್ಣು ಮಾಗಿತು, ನಡುವೆ ಬಿಳಿ ಕಲೆ ಉಳಿಯಿತು. ಆ ಕಣ್ಣಿಗೆ ಬೆಳಕು, ನೆರಳು ಮಾತ್ರ. ಒಂದು ಕಣ್ಣಲ್ಲಿ ದೂರ ಅಂದಾಜಾಗದೆ ಮರ ಹತ್ತುವುದು ನಿಂತಿತು. ಒಂದು ವರ್ಷ ಕಾದು, ಕಳೆದ ಚಳಿಗಾಲದಲ್ಲಿ ಕಾರ್ನಿಯಾ ಕಸಿ ಆಯಿತು. ಅದೃಷ್ಟಕ್ಕೆ ರಕ್ತನಾಳ ಹೆಚ್ಚು ಒಳಗೆ ಬಂದಿರಲಿಲ್ಲ.

ಮನೆಗೆ ಬಂದಾಗ ಕೈಯಲ್ಲಿ ಔಷಧಿ ಚೀಲ ಇತ್ತು. ಆಯಿ ಕನ್ನಡಕ ಏರಿಸಿ ಬಾಟಲಿ ತಿರುಗಿಸಿ ಓದಿದರು. ಪ್ರೆಡ್ನಿಸೊಲೋನ್.

"ಇದೂ ಅದೇ ಜಾತಿ ಅಲ್ದಾ ಗೌಡಾ?"

"ಹೌದಂತೆ ಅಮ್ಮಾ. ಡಾಕ್ಟ್ರೇ ಹೇಳಿ ಕೊಟ್ರು. ಹೊಸ ಗಾಜನ್ನ ಮೈ ಒಪ್ಕಳ್ಬೇಕಲ್ಲ, ಅದಕ್ಕೆ. ಬಿಟ್ರೆ ತಿರುಗಿ ಬೀಳ್ತದಂತೆ. ಕೆಂಪಾದ್ರೆ, ಮಂಜಾದ್ರೆ ಅವತ್ತೇ ಬರ್ಬೇಕಂತೆ."

ಈಗ ಅವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಆರು ಗೀಟು ಇದ್ದದ್ದು ನಾಲ್ಕಾಗಿದೆ. ಮುಂದಿನ ತಿಂಗಳಿಂದ ಮೂರು.